ನೀರೊಳಗಿನ ಟ್ರಾನ್ಸ್‌ಡ್ಯೂಸರಿಗೆ ಶ್ರುತಿ: ಮಣಿ ಸರಿಸಬೇಕೋ, ಬಿರಡೆ ತಿರುವಬೇಕೋ, ಎರಡು ತಂಬೂರಿ ಇಟ್ಟುಕೊಳ್ಳಬೇಕೋ?

ಜನವರಿ ಬಂತೆಂದರೆ ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಸಣ್ಣ ವರ್ಕ್‌ಶಾಪಿಗೆ ಫೈನಲ್ ಇಯರ್ ಹುಡುಗರು ಬರಲು ಶುರು ಮಾಡುತ್ತಾರೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಆನ್‌ಲೈನ್ ತರಿಸಿದ ಒಂದು ಟ್ರಾನ್ಸ್‌ಡ್ಯೂಸರ್, ಅಂದರೆ ವಿದ್ಯುತ್ತನ್ನು ಶಬ್ದ ಮಾಡುವ, ಶಬ್ದವನ್ನು ವಿದ್ಯುತ್ ಮಾಡುವ ಸಾಧನ. "ಸರ್, ಇದರ ರೆಸೊನೆನ್ಸ್ ನಮಗ ಬೇಕಾದಂಗ ಹೆಚ್ಚು ಕಡಿಮಿ ಮಾಡಬೇಕ್ರಿ. ಯಾವ ಮೆಥಡ್ ಚಲೋ?" ರೆಸೊನೆನ್ಸ್ ಅಂದರೆ ಅದು ಅತಿ ಜೋರಾಗಿ ಅಲುಗುವ ಅದರ ಸ್ವಂತ ಸ್ವರ. ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಹೆಚ್ಚು ಕಡಿಮಿ? ಎಷ್ಟು ಸಲ?" ಇದಕ್ಕೆ ಉತ್ತರ ಇಟ್ಟುಕೊಂಡು ಬಂದವರನ್ನು ನಾನು ಇನ್ನೂ ನೋಡಿಲ್ಲ.

ನೋಡದೇ ಇರುವುದಕ್ಕೆ ಕಾರಣವೂ ಇದೆ. ಮೂರು ವರ್ಷದ ಹಿಂದೆ ನಾನೂ ಉತ್ತರವಿಲ್ಲದೇ ಈ ಕೆಲಸಕ್ಕೆ ಇಳಿದಿದ್ದೆ. ಎರಡು ತಿಂಗಳು ಹೋಯಿತು. ಆ ಕಥೆ ಮುಂದೆ ಬರುತ್ತದೆ.

ಮೊದಲು, ಇದೆಲ್ಲ ಯಾಕೆ ಬೇಕು? ನಮ್ಮ ಕಡೆ ಸಮುದ್ರ ಇಲ್ಲ, ಸಬ್‌ಮರೀನ್ ಇಲ್ಲ. ಆದರೆ ಕೆರೆ ಇದೆ, ಕೃಷಿ ಹೊಂಡ ಇದೆ, ಹೂಳಂತೂ ಎಲ್ಲ ಕಡೆ ಇದೆ. ಕೆರೆಯಲ್ಲಿ ನೀರೆಷ್ಟು, ಹೂಳೆಷ್ಟು ಎಂದು ಅಳೆಯಲು ಮೇಲಿನಿಂದ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುತ್ತಾರೆ. 200 ಕಿಲೋಹರ್ಟ್ಜ್ ಶಬ್ದ ಮೆತ್ತನೆಯ ಹೂಳಿನ ಮೇಲ್ಮೈಗೆ ಬಡಿದು ವಾಪಸ್ ಬರುತ್ತದೆ. 24ರಿಂದ 33 ಕಿಲೋಹರ್ಟ್ಜ್ ಶಬ್ದ ಹೂಳಿನೊಳಗೆ ಇಳಿದು ಗಟ್ಟಿ ನೆಲಕ್ಕೆ ತಾಗಿ ಬರುತ್ತದೆ. ಎರಡರ ವ್ಯತ್ಯಾಸವೇ ಹೂಳಿನ ದಪ್ಪ. "ಹಂಗಾದ್ರ ಒಂದೇ ಟ್ರಾನ್ಸ್‌ಡ್ಯೂಸರ್ ಇಟ್ಟು ಫ್ರೀಕ್ವೆನ್ಸಿ ಬದಲಿಸೋಣ" ಎಂದು ಎಲ್ಲರಿಗೂ ಹೊಳೆಯುತ್ತದೆ. ನನಗೂ ಹೊಳೆದಿತ್ತು.

ಇಲ್ಲಿ ಧಾರವಾಡದವರಿಗೆ ತಂಬೂರಿ ನೆನಪಿಸಿದರೆ ಸಾಕು. ಬಿರಡೆ ತಿರುವಿದರೆ ಸ್ವರ ದೊಡ್ಡದಾಗಿ ಸರಿಯುತ್ತದೆ. ಕುದುರೆಯ ಹಿಂದಿನ ಮಣಿ ಸರಿಸಿದರೆ ಕೂದಲೆಳೆಯಷ್ಟು. ಆದರೆ ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರ) ಕೂಡಿಸುವ ತಂಬೂರಿಯನ್ನು ಕಾಳಿ ಐದಕ್ಕೆ ಏರಿಸಲು ಹೋದರೆ ತಂತಿ ಹರಿಯುತ್ತದೆ. ಅದಕ್ಕೇ ಗಂಡಸರ ತಂಬೂರಿ ಬೇರೆ, ಹೆಂಗಸರ ತಂಬೂರಿ ಬೇರೆ. 33ರಿಂದ 200 ಕಿಲೋಹರ್ಟ್ಜ್ ಅಂದರೆ ಆರು ಪಟ್ಟು. ಅದು ಶ್ರುತಿ ಮಾಡುವ ಮಾತೇ ಅಲ್ಲ, ಬೇರೆ ವಾದ್ಯದ ಮಾತು.

ಎಲ್ಲಕ್ಕಿಂತ ಮೊದಲು ನೀರಲ್ಲಿ ಅಳೆಯಿರಿ

ದಾರಿ ಆರಿಸುವ ಮೊದಲು ಒಂದು ಅಳತೆ ಬೇಕೇ ಬೇಕು: ನಿಮ್ಮ ಟ್ರಾನ್ಸ್‌ಡ್ಯೂಸರಿನ ರೆಸೊನೆನ್ಸ್ ನೀರಿನಲ್ಲಿ ಎಷ್ಟು ಅಗಲ ಇದೆ? ಗಾಳಿಯಲ್ಲಿ ಅಲ್ಲ, ನೀರಿನಲ್ಲಿ.

ಗಾಳಿಯಲ್ಲಿ ಹಿಡಿದು ಅಳೆದರೆ ಪೀಜೋ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ಸೆರಾಮಿಕ್) ಟ್ರಾನ್ಸ್‌ಡ್ಯೂಸರ್ ಸೂಜಿಯ ಮೊನೆಯಂತೆ ಒಂದೇ ಸ್ವರ ತೋರಿಸುತ್ತದೆ. ಗಾಳಿ ಹಗುರ, ಶಕ್ತಿ ಹೊರಗೆ ಹೋಗುವುದಿಲ್ಲ. ಗಂಟೆ ಹೊಡೆದ ಹಾಗೆ ಒಳಗೇ ಗುಂಯ್‌ಗುಡುತ್ತದೆ. ಅದನ್ನೇ ನೀರಿಗೆ ಇಳಿಸಿದರೆ ನೀರು ಶಕ್ತಿ ಎಳೆದುಕೊಳ್ಳುತ್ತದೆ. ಸೂಜಿಮೊನೆ ಗುಡ್ಡವಾಗುತ್ತದೆ. ಈ ಚೂಪುತನಕ್ಕೆ ಕ್ಯೂ ಎನ್ನುತ್ತಾರೆ. ಫ್ರೀಕ್ವೆನ್ಸಿಯನ್ನು ಗುಡ್ಡದ ಅಗಲದಿಂದ ಭಾಗಿಸಿದರೆ ಕ್ಯೂ.

ಅಳೆಯಲು ದೊಡ್ಡ ಸಲಕರಣೆ ಬೇಡ. ಒಂದು ಸಿಗ್ನಲ್ ಜನರೇಟರ್, ಟ್ರಾನ್ಸ್‌ಡ್ಯೂಸರ್ ಜೊತೆ ಸೀರೀಸ್‌ನಲ್ಲಿ 100 ಓಮ್ ರೆಸಿಸ್ಟರ್, ರೆಸಿಸ್ಟರ್ ಮೇಲೆ ಆಸಿಲೋಸ್ಕೋಪ್. ಫ್ರೀಕ್ವೆನ್ಸಿ ನಿಧಾನ ಏರಿಸುತ್ತ ಹೋಗಿ. ಕರೆಂಟ್ ಅತಿ ಜಾಸ್ತಿ ಆಗುವ ಜಾಗ ರೆಸೊನೆನ್ಸ್. ಸ್ವಲ್ಪ ಮೇಲೆ ಕರೆಂಟ್ ಅತಿ ಕಡಿಮೆ ಆಗುವ ಜಾಗ ಆ್ಯಂಟಿರೆಸೊನೆನ್ಸ್. ಎರಡನ್ನೂ ಬರೆದುಕೊಳ್ಳಿ.

ಈಗ ನನ್ನ ಕಥೆ. ನಾವು ನಾಲ್ಕು ಪೀಜೋ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಮುಂದೆ ಅಲ್ಯುಮಿನಿಯಂ, ಹಿಂದೆ ಸ್ಟೀಲ್ ಇಟ್ಟು ನಡುವೆ ಬೋಲ್ಟ್ ಹಾಕಿ ಬಿಗಿದಿದ್ದೆವು. ಇದು 1917ರ ಹೊತ್ತಿಗೆ ಫ್ರಾನ್ಸಿನ ಪಾಲ್ ಲಾಂಜೆವಾ ಸ್ಫಟಿಕವನ್ನು ಎರಡು ಉಕ್ಕಿನ ಫಲಕಗಳ ನಡುವೆ ಇಟ್ಟು ಮಾಡಿದ ಸ್ಯಾಂಡ್‌ವಿಚ್ಚಿನ ಮೊಮ್ಮಗ. ಎರಡು ಬಳೆಗಳಿಗೆ ಡ್ರೈವ್, ಅಂದರೆ ಅಲುಗಿಸುವ ವೋಲ್ಟೇಜ್, ಕೊಟ್ಟೆವು. ಉಳಿದ ಎರಡಕ್ಕೆ ರಿಲೇ ಮೂಲಕ ಕೆಪಾಸಿಟರ್‌ಗಳ ಸಾಲು ಜೋಡಿಸಿದೆವು. ಯಾವ ಕೆಪಾಸಿಟರ್ ಸೇರಿಸುತ್ತೇವೆ ಎನ್ನುವುದರ ಮೇಲೆ ರೆಸೊನೆನ್ಸ್ ಸರಿಯಬೇಕು. ಟೇಬಲ್ ಮೇಲೆ ಸರಿಯಿತು ಕೂಡ! ರಿಲೇ ಟಕ್ ಎಂದಾಗಲೆಲ್ಲ ಸ್ಕೋಪಿನ ಮೇಲೆ ಸೂಜಿಮೊನೆ 200 ಹರ್ಟ್ಜ್ ಪಕ್ಕಕ್ಕೆ. ಒಟ್ಟು 600 ಹರ್ಟ್ಜ್. ಹುಡುಗರು ಮಿರ್ಚಿ-ಗಿರಮಿಟ್ ತರಿಸಿದರು.

ಮರುದಿನ ಸಿಮೆಂಟ್ ತೊಟ್ಟಿಯಲ್ಲಿ ಇಳಿಸಿದೆವು. ಗಾಳಿಯಲ್ಲಿ 39.2 ಕಿಲೋಹರ್ಟ್ಜ್ ಇದ್ದದ್ದು ನೀರಲ್ಲಿ 37.9ಕ್ಕೆ ಇಳಿಯಿತು. ಅದು ನಿರೀಕ್ಷೆ ಇದ್ದದ್ದೇ. ಆದರೆ ಗುಡ್ಡದ ಅಗಲ ಈಗ 2.4 ಕಿಲೋಹರ್ಟ್ಜ್. ರಿಲೇ ಟಕ್ ಎಂದಿತು. ಗುಡ್ಡ ಅಲುಗಲಿಲ್ಲ. ಮತ್ತೆ ಟಕ್. ಇಲ್ಲ. ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಸರ್, ರಿಲೇ ಕೆಟ್ಟೈತೇನ್ರಿ?" ರಿಲೇ ಕೆಟ್ಟಿರಲಿಲ್ಲ. 2,400 ಹರ್ಟ್ಜ್ ಅಗಲದ ಗುಡ್ಡವನ್ನು 600 ಹರ್ಟ್ಜ್ ಸರಿಸಿದರೆ ಯಾರ ಕಣ್ಣಿಗೆ ಕಾಣಬೇಕು? ಕಂಡರೂ ಏನು ಲಾಭ? ಆ 600 ಹರ್ಟ್ಜ್ ಮೊದಲೇ ಗುಡ್ಡದ ಒಳಗೇ ಇತ್ತು. ಜನರೇಟರಿನ ಫ್ರೀಕ್ವೆನ್ಸಿ ಬದಲಿಸಿದ್ದರೆ ಸಾಕಿತ್ತು.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ನಿಮಗೆ ಬೇಕಾದ ಬದಲಾವಣೆ ನೀರಿನಲ್ಲಿನ ಗುಡ್ಡದ ಅಗಲಕ್ಕಿಂತ ಕಡಿಮೆ ಇದ್ದರೆ ಏನನ್ನೂ ಟ್ಯೂನ್ ಮಾಡಬೇಡಿ. ಅಗಲದ ಎರಡು-ಮೂರು ಪಟ್ಟು ಇದ್ದರೆ ಟ್ಯೂನಿಂಗ್ ದಾರಿಗಳನ್ನು ನೋಡಿ. ಅದಕ್ಕೂ ಜಾಸ್ತಿ ಇದ್ದರೆ ಬೇರೆ ಟ್ರಾನ್ಸ್‌ಡ್ಯೂಸರ್.

ಇದರ ಹಿಂದಿನ ಕಾರಣವನ್ನೂ ತಿಳಿದಿರಬೇಕು. ಸಿಹಿನೀರಿನಲ್ಲಿ 20 ಡಿಗ್ರಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹಾಗಾಗಿ 40 ಕಿಲೋಹರ್ಟ್ಜ್‌ನ ಅಲೆಯ ಉದ್ದ 3.7 ಸೆಂಟಿಮೀಟರ್. ನಮ್ಮ ಟ್ರಾನ್ಸ್‌ಡ್ಯೂಸರಿನ ಮುಖವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಅಲೆಯಷ್ಟು ಅಗಲದ ಮುಖ ನೀರನ್ನು ಚೆನ್ನಾಗಿ ಹಿಡಿದು ತಳ್ಳುತ್ತದೆ, ಕ್ಯೂ ತಾನಾಗಿ ಇಳಿಯುತ್ತದೆ. 1 ಕಿಲೋಹರ್ಟ್ಜ್‌ಗೆ ಇಳಿದರೆ ಅಲೆ ಒಂದೂವರೆ ಮೀಟರ್. ಆಗ ಅಂಗೈಯಷ್ಟು ಟ್ರಾನ್ಸ್‌ಡ್ಯೂಸರ್ ನೀರನ್ನು ತಳ್ಳುವುದಿಲ್ಲ, ಸುಮ್ನೆ ಅತ್ತಿತ್ತ ಸರಿಸುತ್ತದೆ. ಶಕ್ತಿ ಹೊರಗೆ ಹೋಗದೆ ಕ್ಯೂ ಏರುತ್ತದೆ. ಟ್ಯೂನಿಂಗಿಗೆ ನಿಜವಾದ ಬೆಲೆ ಇರುವುದು ಅಲ್ಲಿ, ಕಡಿಮೆ ಫ್ರೀಕ್ವೆನ್ಸಿಯಲ್ಲಿ. ನಮ್ಮ ಹುಡುಗರು ಟ್ಯೂನ್ ಮಾಡಲು ಹೊರಡುವುದು ಯಾವಾಗಲೂ 40 ಕಿಲೋಹರ್ಟ್ಜ್‌ನಲ್ಲಿ, ಯಾಕೆಂದರೆ ಅಗ್ಗಕ್ಕೆ ಸಿಗುವುದು ಅದೇ.

ಅಗ್ಗದ ಮಾತು ಬಂತು, ಒಂದು ಎಚ್ಚರಿಕೆ. ಕಾರಿನ ಬಂಪರಿನಲ್ಲಿ ಇರುವಂಥ "ವಾಟರ್‌ಪ್ರೂಫ್" 40 ಕಿಲೋಹರ್ಟ್ಜ್ ಸೆನ್ಸರ್ ತಂದು ನೀರಲ್ಲಿ ಮುಳುಗಿಸುವವರು ವರ್ಷಕ್ಕೆ ಇಬ್ಬರಾದರೂ ಸಿಗುತ್ತಾರೆ. ಅದು ಮಳೆ ತಡೆಯುತ್ತದೆ ಅಷ್ಟೇ. ಕೆಲಸ ಮಾಡುವುದು ಗಾಳಿಯಲ್ಲಿ.

ವಿದ್ಯುತ್ತಿನ ದಾರಿ: ಮಣಿ ಸರಿಸುವುದು

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಇಂಡಕ್ಟರ್ ಹಾಕುವುದು. ಪೀಜೋ ಟ್ರಾನ್ಸ್‌ಡ್ಯೂಸರಿನ ಒಳಗೆ ನಿಜವಾಗಿ ಅಲುಗುವ ಭಾಗದ ಪಕ್ಕದಲ್ಲೇ ಒಂದು ಸುಮ್ನೆ ಕೂತ ಕೆಪಾಸಿಟರ್ ಇರುತ್ತದೆ. ಕೆಲಸ ಮಾಡದಿದ್ದರೂ ಆ್ಯಂಪ್ಲಿಫೈಯರಿನಿಂದ ಕರೆಂಟ್ ಎಳೆಯುತ್ತದೆ. ಅದಕ್ಕೆ ಸಮನಾದ ಇಂಡಕ್ಟರ್ ಪ್ಯಾರಲಲ್ ಹಾಕಿದರೆ ಆ ಕರೆಂಟ್ ಅವೆರಡರ ನಡುವೆಯೇ ತಿರುಗಾಡುತ್ತದೆ, ಆ್ಯಂಪ್ಲಿಫೈಯರ್ ತಂಪಾಗಿರುತ್ತದೆ. 4 ನ್ಯಾನೋಫ್ಯಾರಡ್ ಕೆಪಾಸಿಟರಿಗೆ 40 ಕಿಲೋಹರ್ಟ್ಜ್‌ನಲ್ಲಿ ಸುಮಾರು 4 ಮಿಲಿಹೆನ್ರಿ ಬೇಕು. ಇದಕ್ಕೆ "ಟ್ಯೂನಿಂಗ್ ಕಾಯಿಲ್" ಎಂದೇ ಹೆಸರು, ಗೊಂದಲ ಹುಟ್ಟಿದ್ದೂ ಅಲ್ಲಿಂದಲೇ. ಇದು ಟ್ರಾನ್ಸ್‌ಡ್ಯೂಸರಿನ ಸ್ವರ ಬದಲಿಸುವುದಿಲ್ಲ. ಲೋಹ, ಸೆರಾಮಿಕ್ ಎಲ್ಲ ಮೊದಲಿನ ಸ್ವರದಲ್ಲೇ ಅಲುಗುತ್ತವೆ. ಇಂಡಕ್ಟರನ್ನು ಸೀರೀಸ್‌ನಲ್ಲಿ ಹಾಕಿ ಸರಿಯಾಗಿ ಹೊಂದಿಸಿದರೆ ಒಂದು ಗುಡ್ಡ ಒಡೆದು ಎರಡಾಗುತ್ತದೆ, ಒಟ್ಟು ಅಗಲ ಹೆಚ್ಚುತ್ತದೆ. ಅದು ಬಹಳ ಉಪಯೋಗದ ಸಂಗತಿ. ಆದರೆ ಅದು ಅಗಲ ಮಾಡುವ ದಾರಿ, ಸರಿಸುವ ದಾರಿ ಅಲ್ಲ.

ಎರಡನೆಯದು ನಿಜವಾದ ಸರಿಸುವಿಕೆ, ನಾವು ಮಾಡಿ ಕೈ ಸುಟ್ಟುಕೊಂಡದ್ದು. ಪೀಜೋ ಬಳೆಯ ಎರಡು ಮುಖಗಳನ್ನು ತಂತಿಯಿಂದ ಶಾರ್ಟ್ ಮಾಡಿದರೆ ಬಳೆ ಸ್ವಲ್ಪ ಮೆತ್ತಗಾಗುತ್ತದೆ. ತಂತಿ ಬಿಟ್ಟರೆ ಬಿರುಸಾಗುತ್ತದೆ. ನಡುವೆ ಕೆಪಾಸಿಟರ್ ಇಟ್ಟರೆ ಎರಡರ ನಡುವಿನ ಬಿರುಸು. ಬಿರುಸು ಹೆಚ್ಚಿದರೆ ಸ್ವರ ಏರುತ್ತದೆ. ಅಲುಗುವ ಭಾಗ ಬೇರೆ ಇಲ್ಲ, ರಿಲೇ ಬಡಿದಷ್ಟು ಬೇಗ ಬದಲಾಗುತ್ತದೆ. ಕಾಗದದ ಮೇಲೆ ಇದರಷ್ಟು ಚಂದದ ದಾರಿ ಇನ್ನೊಂದಿಲ್ಲ.

ಆದರೆ ಇದರ ಮಿತಿ ನೀವು ಆಗಲೇ ಬರೆದುಕೊಂಡ ಎರಡು ಅಂಕಿಗಳಲ್ಲೇ ಇದೆ. ರೆಸೊನೆನ್ಸ್‌ಗಿಂತ ಕೆಳಗೆ, ಆ್ಯಂಟಿರೆಸೊನೆನ್ಸ್‌ಗಿಂತ ಮೇಲೆ ಕೆಪಾಸಿಟರಿನಿಂದ ಹೋಗಲು ಆಗುವುದಿಲ್ಲ. ನಮ್ಮದು 39.2 ಮತ್ತು 40.6. ಎಲ್ಲ ಬಳೆಗಳನ್ನೂ ಇದಕ್ಕೇ ಬಳಸಿದರೂ ಸಿಗುವುದು 1.4 ಕಿಲೋಹರ್ಟ್ಜ್. ಅರ್ಧ ಬಳೆಗಳು ಡ್ರೈವ್ ಕೆಲಸಕ್ಕೆ ಹೋದ ಮೇಲೆ 600 ಹರ್ಟ್ಜ್ ಸಿಕ್ಕಿದ್ದೇ ದೊಡ್ಡದು. ಈ ಲೆಕ್ಕವನ್ನು ಮೊದಲ ದಿನ ಹತ್ತು ನಿಮಿಷದಲ್ಲಿ ಮಾಡಬಹುದಿತ್ತು. ನಾನು ಮಾಡಲಿಲ್ಲ.

ಕ್ಯೂ ಹೆಚ್ಚಿರುವ ಕಡಿಮೆ ಫ್ರೀಕ್ವೆನ್ಸಿಯ ಸಾಧನಕ್ಕೆ, ಗಂಟೆಗೆ ನೂರು ಸಲ ಸ್ವಲ್ಪ ಸ್ವಲ್ಪ ಬದಲಿಸಬೇಕಾದಲ್ಲಿ, ಇದೇ ಸರಿ. ಉಳಿದವರು ಬಿಡಿ.

ತೂಕದ ದಾರಿ: ಕಣಕ ಹಚ್ಚುವುದು

ಪಖವಾಜಿನ ಎಡಮುಖಕ್ಕೆ ನಾದಿದ ಕಣಕ ಹಚ್ಚುವುದನ್ನು ನೋಡಿದ್ದೀರಿ ಅಲ್ವಾ? ತೂಕ ಹೆಚ್ಚಾದರೆ ಸ್ವರ ಇಳಿಯುತ್ತದೆ. ತಬಲಾ, ಮೃದಂಗದ ಮೇಲಿನ ಕಪ್ಪು ಕರಣೆಯ ತೂಕ ಸ್ವರಗಳನ್ನು ಹೇಗೆ ಹೊಂದಿಸುತ್ತದೆ ಎಂದು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದಾರೆ. ಟ್ರಾನ್ಸ್‌ಡ್ಯೂಸರಿನಲ್ಲೂ ಅದೇ ವಿದ್ಯೆ.

ಬೋಲ್ಟ್ ಹಾಕಿದ ಸ್ಯಾಂಡ್‌ವಿಚ್ಚನ್ನು ಒಂದು ಸ್ಪ್ರಿಂಗ್, ಎರಡು ತೂಕ ಎಂದುಕೊಳ್ಳಿ. ಮುಂದಿನ ತೂಕ ಹಗುರ, ಅದೇ ನೀರಿಗೆ ಮುಖ ಕೊಡುತ್ತದೆ. ಹಿಂದಿನದು ಭಾರ. ಜರ್ಮನ್ನರು ಇದಕ್ಕೆ ಟೊನ್‌ಪಿಲ್ಟ್ಸ್ ಎಂದರು, ಅಂದರೆ ಶಬ್ದದ ಅಣಬೆ. ಮುಂದೆ 100 ಗ್ರಾಂ, ಹಿಂದೆ 400 ಗ್ರಾಂ ಇದೆ ಎನ್ನಿ. ಮುಂದಕ್ಕೆ 25 ಗ್ರಾಂ ಸೇರಿಸಿದರೆ ಸ್ವರ ಸುಮಾರು ನೂರಕ್ಕೆ 8ರಷ್ಟು ಇಳಿಯುತ್ತದೆ. ಅದೇ 25 ಗ್ರಾಂ ಹಿಂದಕ್ಕೆ ಸೇರಿಸಿದರೆ ನೂರಕ್ಕೆ 0.6 ಮಾತ್ರ. ಮುಂದಿನ ತೂಕ ಬಿರಡೆ, ಹಿಂದಿನದು ಮಣಿ.

ಇದು ಗೊತ್ತಾದ ಮೇಲೆ ನಾನು ಹಿಂದಿನ ಸ್ಟೀಲಿಗೆ ಒಂದು ಚೂಡಿ (ಸ್ಕ್ರೂವಿನ ಎಳೆ) ಕೊರೆಸಿಬಿಡುತ್ತೇನೆ. ಬೇಕಾದ ದಪ್ಪದ ಬಿಲ್ಲೆ ಅದಕ್ಕೆ ತಿರುವಿ ಕೂರಿಸಬಹುದು. ಹಿಂಬದಿ ಡಬ್ಬಿಯೊಳಗಿನ ಗಾಳಿಯಲ್ಲಿ ಇರುವುದರಿಂದ ಮುಚ್ಚಳ ತೆಗೆದರೆ ಕೈಗೆ ಸಿಗುತ್ತದೆ. ಮುಂದಿನದು ಮೊಹರಾಗಿರುತ್ತದೆ, ಒಮ್ಮೆ ಕೂರಿಸಿದರೆ ಮುಗಿಯಿತು. ನಮ್ಮ ಲೇತ್ ಮಿಸ್ತ್ರಿ ಮೊದಲ ಸಲ ಡ್ರಾಯಿಂಗ್ ನೋಡಿ, "ಸರ, ಇಷ್ಟು ಸಣ್ಣ ಬಿಲ್ಲೆಗೆ ಇಷ್ಟು ಫೈನ್ ಚೂಡಿ ಯಾಕ್ರಿ? ಇದೇನ್ ಬಾಂಬ್ ಏನ್ರಿ?" ಎಂದ. ಚೂಡಿ ಸಡಿಲ ಇದ್ದರೆ ಬಿಲ್ಲೆ ತನ್ನದೇ ಸ್ವರದಲ್ಲಿ ಝಣಝಣ ಎನ್ನುತ್ತದೆ ಎಂದು ಅವನಿಗೆ ಸ್ಕೋಪಿನಲ್ಲಿ ತೋರಿಸಿದೆ. ಆಮೇಲೆ ಅವನೇ ಗ್ರೀಸ್ ಹಚ್ಚಿ ಬಿಗಿಯುವ ಉಪಾಯ ಹೇಳಿಕೊಟ್ಟ.

ಮುಂದಕ್ಕೆ ತೂಕ ಸೇರಿಸುವುದಕ್ಕೆ ಬೆಲೆ ತೆರಬೇಕು. ಭಾರವಾದ ಮುಖ ನೀರನ್ನು ಸಲೀಸಾಗಿ ತಳ್ಳುವುದಿಲ್ಲ, ಗುಡ್ಡ ಸಪೂರವಾಗುತ್ತದೆ. ಒಂದೇ ಸ್ಪ್ರಿಂಗ್, ಒಂದೇ ತೂಕದ ಲೆಕ್ಕದಲ್ಲಿ ಸ್ವರ ನೂರಕ್ಕೆ 20 ಇಳಿಸಬೇಕಾದರೆ ತೂಕ 1.56 ಪಟ್ಟು ಆಗಬೇಕು. ಹಾಗಾಗಿ ನೂರಕ್ಕೆ ಹತ್ತರ ಆಚೆ ಈ ದಾರಿಯಲ್ಲಿ ಹೋಗಬೇಡಿ. ಹೊಸದಾಗಿ ಮಾಡಿಸುವುದೇ ವಾಸಿ.

ನೀರೂ ತನ್ನ ಕಣಕ ಹಚ್ಚುತ್ತದೆ ಎನ್ನುವುದು ನೆನಪಿರಲಿ. 2 ಸೆಂಟಿಮೀಟರ್ ತ್ರಿಜ್ಯದ ಮುಖ, 5 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ಸುಮಾರು 21 ಗ್ರಾಂ ನೀರನ್ನು ತನ್ನ ಜೊತೆ ಎಳೆದಾಡುತ್ತದೆ. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಈ ಹೊರೆ ಕಡಿಮೆ.

ಬೋಲ್ಟ್ ಬಿಗಿ ಮಾಡಿ ಸ್ವರ ಏರಿಸಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ವಲ್ಪ ಏರುತ್ತದೆ, ಆಮೇಲೆ ನಿಲ್ಲುತ್ತದೆ. ಬೋಲ್ಟ್ ಇರುವುದು ಸೆರಾಮಿಕ್ ಬಿರಿಯದಂತೆ ಒತ್ತಿ ಹಿಡಿಯಲು. ಪೀಜೋ ಸೆರಾಮಿಕ್ ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಆ ಬೋಲ್ಟಿನ ಜೊತೆ ಆಟ ಬೇಡ.

ಕೊಳವೆ ಮತ್ತು ಕೊಡ

ದೊಡ್ಡ ಬದಲಾವಣೆ, ಅದೂ ಕೆಲವೇ ನೂರು ಹರ್ಟ್ಜ್‌ನ ಕೆಳಗಿನ ಸ್ವರದಲ್ಲಿ ಬೇಕಾದರೆ ಇದೇ ದಾರಿ. ನಳ ಬಂದಾಗ ಕೊಡ ತುಂಬುವ ಸದ್ದು ಕೇಳಿದವರಿಗೆ ವಿವರಣೆ ಬೇಡ. ಅಡುಗೆಮನೆಯಿಂದಲೇ "ಕೊಡ ತುಂಬಿತು, ನಳ ಬಂದ್ ಮಾಡು" ಎಂದು ಕೂಗುವ ಅವ್ವ ಲೆಕ್ಕ ಹಾಕುವುದು ಸ್ವರ ಏರುವುದರ ಮೇಲೆಯೇ. ಖಾಲಿ ಜಾಗ ಕುಗ್ಗಿದಂತೆ ಸ್ವರ ಏರುತ್ತದೆ.

ನೀರೊಳಗೆ ಇದನ್ನು ತಿರುಗುಮುರುಗು ಮಾಡಿ ಬಳಸುತ್ತಾರೆ. ಗಟ್ಟಿ ಲೋಹದ ಕೊಳವೆ, ಒಳಗೂ ನೀರು, ನಡುವೆ ಸಣ್ಣ ಪೀಜೋ ಮೂಲ. ಕೊಳವೆಯ ಮೇಲೆ ಸೀಳುಗಳು, ಸೀಳುಗಳ ಮೇಲೆ ಜಾರುವ ತೋಳು. ಮೋಟರ್ ತೋಳನ್ನು ಸರಿಸಿದಂತೆ ಸ್ವರ ಸರಿಯುತ್ತದೆ. ಆಂಡ್ರೇ ಮೊರೊಜೊವ್ ಮತ್ತು ಡಗ್ಲಸ್ ವೆಬ್ ಮಾಡಿದ ಇಂಥ ಸಾಧನ ಸಾಗರದ ಉಷ್ಣತೆ ಅಳೆಯುವ ಪ್ರಯೋಗಗಳಲ್ಲಿ 200ರಿಂದ 300 ಹರ್ಟ್ಜ್‌ವರೆಗೆ ಸ್ವರ ಜಾರಿಸುತ್ತ ನೂರಾರು ಕಿಲೋಮೀಟರ್ ಆಚೆಗೆ ಕೇಳಿಸಿದೆ. ಅಷ್ಟು ಕೆಳಗಿನ ಸ್ವರದಲ್ಲಿ ಕ್ಯೂ ಬಹಳ ಹೆಚ್ಚು, ಆದ್ದರಿಂದ ಅಲ್ಲಿ ಟ್ಯೂನಿಂಗ್ ಇಲ್ಲದೆ ಕೆಲಸವೇ ಆಗುವುದಿಲ್ಲ. ಮೇಲಿನ ನನ್ನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಾವು ಮಾಡಬಹುದೇ? 250 ಹರ್ಟ್ಜ್‌ಗೆ ಕಾಲು ಅಲೆ ಅಂದರೆ 1.48 ಮೀಟರ್ ಕೊಳವೆ. ಹೊಲದಲ್ಲಿ ಬಿದ್ದ ಪಿವಿಸಿ ಪೈಪ್ ಕಣ್ಣಿಗೆ ಬೀಳುತ್ತದೆ, ನಿಜ. ಬೇಡ. ಪಿವಿಸಿ ಗೋಡೆ ಮೆತ್ತಗೆ, ನೀರಿನ ಒತ್ತಡಕ್ಕೆ ಉಬ್ಬುತ್ತದೆ. ಅದರೊಳಗೆ ಶಬ್ದದ ವೇಗ ಸೆಕೆಂಡಿಗೆ 1,480ರಿಂದ ಕೆಲವು ನೂರು ಮೀಟರಿಗೆ ಬಿದ್ದುಬಿಡುತ್ತದೆ. ಪಂಪ್ ತಟ್ಟನೆ ಬಂದ್ ಆದಾಗ ಪೈಪಿನಲ್ಲಿ ಬರುವ ಏಟಿನ ಲೆಕ್ಕದಲ್ಲೂ ಇದೇ ವೇಗ ಬಳಸುತ್ತಾರೆ. ನಿಮ್ಮ ಲೆಕ್ಕದ ಸ್ವರ ಎಲ್ಲೋ, ಬರುವ ಸ್ವರ ಎಲ್ಲೋ. ದಪ್ಪ ಅಲ್ಯುಮಿನಿಯಂ ಅಥವಾ ಸ್ಟೀಲ್ ಬೇಕು.

ಅಳೆಯುವುದು ಇನ್ನೂ ಕಷ್ಟ. 5 ಕಿಲೋಹರ್ಟ್ಜ್, ಕ್ಯೂ 20 ಎಂದರೆ ಸ್ವರ ಪೂರ್ತಿ ಏರಲು ಸುಮಾರು 4 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಸಿಮೆಂಟ್ ತೊಟ್ಟಿಯ ಗೋಡೆಗಳಿಂದ ಪ್ರತಿಧ್ವನಿ ಹತ್ತಾರು ಸಲ ಬಂದು ಹೋಗಿರುತ್ತದೆ. ನಮ್ಮ ದೇಶದ ನೌಕಾ ಸೋನಾರ್‌ಗಳ ಪರೀಕ್ಷೆಗೆ ಕೇರಳದ ಇಡುಕ್ಕಿ ಜಲಾಶಯದ ಕುಳಮಾವಿನಲ್ಲಿ ಆಳವಾದ ನೀರನ್ನು ಬಳಸುವುದು ಸುಮ್ನೆ ಅಲ್ಲ. 2024ರಲ್ಲಿ ಅಲ್ಲಿ ಡಿಆರ್‌ಡಿಒ ಸ್ಪೇಸ್ ಎಂಬ ತೇಲುವ ಪರೀಕ್ಷಾ ವೇದಿಕೆಯನ್ನೂ ಶುರು ಮಾಡಿದೆ. ಕಾಲೇಜಿನ ಪ್ರಾಜೆಕ್ಟಿಗೆ ಕೊಳವೆ ಆರಿಸುವ ಮೊದಲು ಆಳವಾದ ನೀರು ಎಲ್ಲಿದೆ ಎಂದು ಹುಡುಕಿಕೊಳ್ಳಿ.

ಅಯಸ್ಕಾಂತ, ಗುಳ್ಳೆ

ಈ ಎರಡನ್ನು ಬೇಗ ಮುಗಿಸುತ್ತೇನೆ. ಟರ್ಫೆನಾಲ್-ಡಿ ಎಂಬ ಮಿಶ್ರಲೋಹ 1970ರ ದಶಕದಲ್ಲಿ ಅಮೆರಿಕದ ನೌಕಾ ಪ್ರಯೋಗಾಲಯದಲ್ಲಿ ಬಂತು. ಟರ್ಬಿಯಂ, ಕಬ್ಬಿಣ, ಡಿಸ್ಪ್ರೋಸಿಯಂ ಸೇರಿದ್ದು. ಕಾಂತಕ್ಷೇತ್ರದಲ್ಲಿ ಹಿಗ್ಗುತ್ತದೆ, ಜೊತೆಗೆ ಕಾಂತಕ್ಷೇತ್ರ ಬದಲಾದಂತೆ ಅದರ ಬಿರುಸೇ ಬದಲಾಗುತ್ತದೆ. ಹಾಗಾಗಿ ಕಾಯಿಲಿನಲ್ಲಿ ಡಿಸಿ ಕರೆಂಟ್ ಹೆಚ್ಚು ಕಡಿಮೆ ಮಾಡಿ ಸ್ವರ ಸರಿಸಬಹುದು, ಅದೂ ಪೀಜೋ ಕೆಪಾಸಿಟರ್ ದಾರಿಗಿಂತ ಚೆನ್ನಾಗಿಯೇ. ಆದರೆ ಕಾಯಿಲ್ ಬಿಸಿಯಾಗುತ್ತದೆ, ಲೋಹ ದುಬಾರಿ, ಸುಲಭಕ್ಕೆ ಬಿರಿಯುತ್ತದೆ. ಸಂಶೋಧನೆಗೆ ದುಡ್ಡಿದ್ದವರಿಗೆ ಸರಿ. ಪೀಜೋಗೇ ಡಿಸಿ ವೋಲ್ಟೇಜ್ ಕೊಟ್ಟರೆ? ಬಹಳ ಕಡಿಮೆ ಸರಿಯುತ್ತದೆ, ಉಲ್ಟಾ ಕೊಟ್ಟರೆ ಸೆರಾಮಿಕ್ ತನ್ನ ಧ್ರುವೀಕರಣವನ್ನೇ ಕಳೆದುಕೊಳ್ಳಬಹುದು.

ನೀರೊಳಗಿನ ಗಾಳಿಗುಳ್ಳೆಯೂ ಒಳ್ಳೆಯ ವಾದ್ಯವೇ. ಮಿನಾರ್ಟ್ ಎಂಬವರು 1933ರಲ್ಲಿ ತೋರಿಸಿದಂತೆ, ಮೇಲ್ಮೈ ಹತ್ತಿರದ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3.3 ಕಿಲೋಹರ್ಟ್ಜ್‌ನಲ್ಲಿ ಹಾಡುತ್ತದೆ. ರಬ್ಬರ್ ಚೀಲದಲ್ಲಿ ಗಾಳಿ ತುಂಬಿ ಅದರ ಪ್ರಮಾಣ ಬದಲಿಸಿ ಟ್ಯೂನ್ ಮಾಡುವವರಿದ್ದಾರೆ. ಆಳಕ್ಕೆ ಹೋದಂತೆ ಒತ್ತಡ ಬದಲಾಗಿ ಶ್ರುತಿ ತಪ್ಪುತ್ತಲೇ ಇರುತ್ತದೆ, ಅದನ್ನು ಸರಿಪಡಿಸುವುದೇ ಒಂದು ಕೆಲಸ.

ಟ್ಯೂನ್ ಮಾಡದೇ ಇರುವ ದಾರಿ

ನನ್ನ ಓಟು ಇದಕ್ಕೇ. ಇದರಲ್ಲಿ ಎರಡು ಬಗೆ.

ಒಂದು, ಗುಡ್ಡವನ್ನೇ ಅಗಲ ಮಾಡುವುದು. ಪೀಜೋ ಸೆರಾಮಿಕ್ ನೀರಿಗಿಂತ ಶಬ್ದಕ್ಕೆ ಇಪ್ಪತ್ತು ಪಟ್ಟು ಬಿರುಸು. ನಡುವೆ ಕಾಲು ಅಲೆ ದಪ್ಪದ, ಎರಡರ ನಡುವಿನ ಗುಣದ ಪದರ ಇಟ್ಟರೆ ಶಬ್ದ ಸಲೀಸಾಗಿ ದಾಟುತ್ತದೆ. ಲೋಹದ ಪುಡಿ ಬೆರೆಸಿದ ಎಪಾಕ್ಸಿಯಲ್ಲಿ ಇದನ್ನು ಮಾಡುತ್ತಾರೆ. ಪುಡಿ ಬೆರೆತ ಮೇಲೆ ಎಪಾಕ್ಸಿಯಲ್ಲಿನ ಶಬ್ದದ ವೇಗ ಬದಲಾಗುತ್ತದೆ, ಆದ್ದರಿಂದ ತುಂಡು ಮಾಡಿ ಅಳೆದೇ ದಪ್ಪ ಹಿಡಿಯಿರಿ. ಜೊತೆಗೆ ಆಗಲೇ ಹೇಳಿದ ಸೀರೀಸ್ ಇಂಡಕ್ಟರ್. ಎರಡೂ ಸೇರಿದರೆ ಜನರೇಟರಿನಲ್ಲೇ ಫ್ರೀಕ್ವೆನ್ಸಿ ಬದಲಿಸಿಕೊಂಡು ಇರಬಹುದು.

ಅಗಲದ ಗುಡ್ಡಕ್ಕೆ ಇನ್ನೊಂದು ಲಾಭ ಇದೆ. ನಮ್ಮ ಹೊಂಡ-ಕೆರೆಗಳ ಮಟ್ಟಿಗೆ ಅದೇ ಮುಖ್ಯ. ಕ್ಯೂ ಜಾಸ್ತಿ ಇದ್ದರೆ ಡ್ರೈವ್ ನಿಲ್ಲಿಸಿದ ಮೇಲೂ ಟ್ರಾನ್ಸ್‌ಡ್ಯೂಸರ್ ಗುಂಯ್‌ಗುಡುತ್ತಲೇ ಇರುತ್ತದೆ, ಅಷ್ಟು ಹೊತ್ತು ಕಿವುಡು. ನಮ್ಮ ಕ್ಯೂ 16ರ ಟ್ರಾನ್ಸ್‌ಡ್ಯೂಸರ್ ಶಾಂತವಾಗಲು ಸುಮಾರು 0.9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಂದರೆ ಹತ್ತಿರದ 65 ಸೆಂಟಿಮೀಟರಿನಲ್ಲಿ ಏನಿದ್ದರೂ ಅದಕ್ಕೆ ಕಾಣುವುದಿಲ್ಲ. 2 ಮೀಟರ್ ನೀರಿರುವ ಹೊಂಡದಲ್ಲಿ ಮೂರನೇ ಒಂದು ಭಾಗ ಹೋಯಿತು.

ಎರಡನೇ ಬಗೆ, ಎರಡು ತಂಬೂರಿ. 200 ಕಿಲೋಹರ್ಟ್ಜ್‌ಗೆ ಸುಮಾರು 10 ಮಿಲಿಮೀಟರ್ ದಪ್ಪದ ಪೀಜೋ ಬಿಲ್ಲೆ, ಕೆಳಗಿನ ಸ್ವರಕ್ಕೆ ಬೋಲ್ಟಿನ ಸ್ಯಾಂಡ್‌ವಿಚ್. ಪಕ್ಕಪಕ್ಕ ಇಟ್ಟು ರಿಲೇಯಿಂದ ಬದಲಿಸುವುದು. ಇದರಲ್ಲಿ ಜಾಣತನವೇನೂ ಇಲ್ಲ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಲು ಹುಡುಗರಿಗೆ ನಾಚಿಕೆ. ಮೀನು ಹುಡುಕುವ ಯಂತ್ರಗಳು 50 ಮತ್ತು 200 ಕಿಲೋಹರ್ಟ್ಜ್ ಎಂದು ಎರಡು ಸ್ವರ ಇಟ್ಟುಕೊಂಡಿರುವುದನ್ನು ತೋರಿಸಿದರೆ ನಾಚಿಕೆ ಹೋಗುತ್ತದೆ.

ಶ್ರುತಿ ಮಾಡಿದ ಮೇಲೆ ಕೆಡಿಸುವ ಕೆಲಸ

ಯಾವ ದಾರಿ ಆರಿಸಿದರೂ ನೀರು ಒಳಗೆ ಹೋಗದಂತೆ ಮುಚ್ಚಲೇಬೇಕು. ಮುಚ್ಚಿದ ಕೂಡಲೇ ಸ್ವರ ಸ್ವಲ್ಪ ಸರಿಯುತ್ತದೆ. ಪಾಲಿಯುರಿಥೇನ್ ಸುರಿದು ಮುಚ್ಚಿದರೆ ಆಮೇಲೆ ಒಳಗೆ ಕೈ ಹಾಕಲು ಆಗುವುದಿಲ್ಲ. ಟ್ಯೂನ್ ಮಾಡುವ ಆಸೆ ಇದ್ದವರಿಗೆ ಎಣ್ಣೆಯೇ ಸರಿ. ರಬ್ಬರ್ ಬೂಟಿನೊಳಗೆ ಔಡಲೆಣ್ಣೆ. ಹೌದು, ಅದೇ ಔಡಲ. ಸೋನಾರ್ ಮಾಡುವವರು ಬಹಳ ಕಾಲದಿಂದ ಅದನ್ನು ತುಂಬುತ್ತ ಬಂದಿದ್ದಾರೆ. ಶಬ್ದದ ಮಟ್ಟಿಗೆ ಅದು ನೀರಿಗೆ ಬಹಳ ಹತ್ತಿರ, ವಿದ್ಯುತ್ ಹರಿಸುವುದಿಲ್ಲ, ರಬ್ಬರನ್ನೂ ಕೆಡಿಸುವುದಿಲ್ಲ.

ಗಾಣದ ಎಣ್ಣೆಯನ್ನು ಹಾಗೇ ಸುರಿಯಬೇಡಿ. ಅದರಲ್ಲಿ ತೇವ ಇರುತ್ತದೆ. ನಾವು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಆಮೇಲೆ ಹಳೇ ಫ್ರಿಜ್ಜಿನ ಕಂಪ್ರೆಸರನ್ನು ಉಲ್ಟಾ ಜೋಡಿಸಿ ಗಾಳಿ ಎಳೆಯುತ್ತೇವೆ. ಗಾಜಿನ ಬರಣಿಯೊಳಗೆ ಎಣ್ಣೆ ಹಾಲು ಉಕ್ಕಿದಂತೆ ನೊರೆ ಏರುತ್ತದೆ, ಕಂಪ್ರೆಸರ್ ಬಂದ್ ಮಾಡಿದರೆ ಇಳಿಯುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ನೊರೆ ನಿಂತು ಎಣ್ಣೆ ಜೇನಿನಂತೆ ತಿಳಿಯಾಗುತ್ತದೆ. ಒಂದು ಸಣ್ಣ ಗುಳ್ಳೆ ಮುಖದ ಹತ್ತಿರ ಉಳಿದರೂ ಶಬ್ದ ಅಲ್ಲೇ ತಿರುಗಿ ಬರುತ್ತದೆ. ತುಂಬುವಾಗ ಬೂಟನ್ನು ಓರೆ ಹಿಡಿದು, ಲೋಟದ ಅಂಚಿಗೆ ಹಾಲು ಸುರಿದಂತೆ ನಿಧಾನ ಸುರಿಯಿರಿ. ಡ್ರೈವ್ ವೋಲ್ಟೇಜ್ ಕೆಲವು ನೂರು ವೋಲ್ಟ್ ಇರುತ್ತದೆ, ಒದ್ದೆ ಕೈಯಲ್ಲಿ ಕನೆಕ್ಟರ್ ಮುಟ್ಟಬೇಡಿ.

ಈಗ ನಾವು ಬಳಸುತ್ತಿರುವುದು

ಈ ಡಿಸೆಂಬರಿನಲ್ಲಿ ಅಣ್ಣಿಗೇರಿ ಹತ್ತಿರದ ಎರೆ ಹೊಲವೊಂದರ ಕೃಷಿ ಹೊಂಡಕ್ಕೆ ಎರಡು ಟ್ರಾನ್ಸ್‌ಡ್ಯೂಸರಿನ ಜೋಡಿಯನ್ನು ಒಯ್ದೆವು. ಒಂದು 200, ಇನ್ನೊಂದು ಹಿಂದೆ ಬಿಲ್ಲೆ ತಿರುವಿದ ಅದೇ ಹಳೇ 38 ಕಿಲೋಹರ್ಟ್ಜ್. ಕೆಪಾಸಿಟರ್ ಸಾಲನ್ನು ಬಿಚ್ಚಿ ಎಸೆದಿದ್ದೇವೆ, ನಾಲ್ಕೂ ಬಳೆಗಳು ಈಗ ಡ್ರೈವ್ ಕೆಲಸಕ್ಕೇ. ಥರ್ಮಾಕೋಲ್ ತೆಪ್ಪದ ಮೇಲೆ ಕಟ್ಟಿ ಬಿಟ್ಟಾಗ ಹೊಲದ ಯಜಮಾನರು ದಂಡೆಯ ಮೇಲೆ ಕೂತು ನೋಡಿದರು. "ಮೀನ ಹಿಡಿಯೂ ಮಷೀನೇನ್ರಿ?"

"ಅಲ್ರೀ ಕಾಕಾ, ರಾಡಿ ಅಳಿಯೂದು."

200ರ ಪ್ರತಿಧ್ವನಿ 1.6 ಮೀಟರ್ ಎಂದಿತು. 38ರದ್ದು ಒಂದು ಮಸುಕು ಗುರುತು 1.6ರಲ್ಲಿ, ಒಂದು ಚೂಪು ಗುರುತು 2.0ರಲ್ಲಿ. ಕಾಕಾ ಎದ್ದು ಹೋಗಿ ಒಂದು ಬಿದಿರ ಗಳ ತಂದರು, ತೆಪ್ಪದ ಪಕ್ಕ ಇಳಿಸಿ ಒತ್ತಿದರು, ಮೇಲೆತ್ತಿ ರಾಡಿ ಅಂಟಿದ ಭಾಗಕ್ಕೆ ಗೇಣು ಹಾಕಿದರು. ಎರಡು ಗೇಣು. "ಹೌದಲ್ರೀ, ಖರೇ ಹೇಳತೈತಿ" ಎಂದರು. ಆಮೇಲೆ ಗಳವನ್ನು ನೀರಲ್ಲಿ ತೊಳೆಯುತ್ತ, "ಇದಕ್ಕ ಎಷ್ಟ್ ಖರ್ಚಾತ್ರಿ?" ಎಂದು ಕೇಳಿದರು. ಬಿದಿರ ಗಳ ಕೈಯಲ್ಲಿ ಹಿಡಿದವರಿಗೆ ನಾನು ಆ ಅಂಕಿ ಹೇಳಲಿಲ್ಲ.